ಒಳಬಂದ ಮೂರು ದಿನ, ಹೊರಹೋದ ಎರಡು ವಾರ: ವ್ಯಸನಕ್ಕೆ ಸಿಲುಕಿದ ಮಹಿಳಾ ಬಂದಿಗಳ ಪರವಾಗಿ ಮನವಿ

ಇವರಿಗೆ,
ಮಹಾನಿರ್ದೇಶಕರು,
ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆ, ಬೆಂಗಳೂರು

ಪ್ರತಿ: ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ, ಕರ್ನಾಟಕ ರಾಜ್ಯ ಮಹಿಳಾ ಆಯೋಗ

ವಿಷಯ: ಮದ್ಯ ಹಾಗೂ ಮಾದಕ ವಸ್ತುಗಳ ಚಟಕ್ಕೆ ಸಿಲುಕಿದ ಮಹಿಳಾ ಬಂದಿಗಳ ಚಿಕಿತ್ಸೆ ಮತ್ತು ಬಿಡುಗಡೆಯ ನಂತರದ ಪುನರ್ವಸತಿ ಕುರಿತು.

ಮಾನ್ಯರೇ,

ದಿನವೂ ಕುಡಿಯುತ್ತಿದ್ದ ಹೆಂಗಸೊಬ್ಬಳು ಬಂಧನಕ್ಕೊಳಗಾಗಿ ಜೈಲಿಗೆ ಬಂದರೆ ಮೊದಲ ರಾತ್ರಿಯೇ ಮೈ ಕೈಕೊಡತೊಡಗುತ್ತದೆ. ಕೈ ನಡುಗುತ್ತದೆ, ಬೆವರು ಸುರಿಯುತ್ತದೆ, ತುತ್ತು ಗಂಟಲಲ್ಲಿ ಇಳಿಯುವುದಿಲ್ಲ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಕೆಲವರಿಗೆ ಸನ್ನಿಯೇ ಹಿಡಿಯುತ್ತದೆ: ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಯಾರೋ ಹೆಸರು ಹಿಡಿದು ಕರೆದಂತೆ ಕೇಳುತ್ತದೆ, ತಾನೆಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತದೆ. ಇದನ್ನು ಹಾಗೇ ಬಿಟ್ಟರೆ ಜೀವಕ್ಕೇ ಅಪಾಯ. ಸರಿಯಾದ ಪ್ರಮಾಣದ ಮಾತ್ರೆ, ಥಯಾಮಿನ್ ಚುಚ್ಚುಮದ್ದು, ರಾತ್ರಿಯಲ್ಲೂ ಬಂದು ನಾಡಿ ನೋಡುವ ನರ್ಸ್ ಇದ್ದರೆ ಹೆಚ್ಚಿನವರು ಒಂದು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ನಡುಕವನ್ನು ಹೆದರಿಕೆ ಎಂದೋ, ಬಡಬಡಿಕೆಯನ್ನು ನಾಟಕ ಎಂದೋ ತಿಳಿದರೆ ಆ ಮೂರು ದಿನ ಕೈತಪ್ಪಿಹೋಗುತ್ತವೆ.

ಹೆಂಗಸರ ವಿಷಯದಲ್ಲಿ ಹೀಗೆ ಕೈತಪ್ಪುವುದು ಸುಲಭ. ಹೆಣ್ಣು ಕುಡಿಯುತ್ತಾಳೆಯೇ ಎಂದು ಕೇಳಲು ಎದುರಿನವರಿಗೆ ಮುಜುಗರ; ಹೌದೆಂದು ಹೇಳಲು ಆಕೆಗೆ ಭಯ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವ ಗಂಡಸರು ಶೇ 27.3, ಹೆಂಗಸರು ಶೇ 1.6. ಮದ್ಯಕ್ಕೆ ಪೂರ್ತಿ ಅಂಟಿಕೊಂಡ 38 ಮಂದಿಯಲ್ಲಿ ಒಬ್ಬರಷ್ಟೇ ಯಾವುದಾದರೊಂದು ಚಿಕಿತ್ಸೆ ಕಂಡಿದ್ದರು. ಪ್ರಮಾಣ ಸಣ್ಣದೆಂಬ ಕಾರಣಕ್ಕೆ ವ್ಯವಸ್ಥೆಯೆಲ್ಲ ಗಂಡಸರ ಅಳತೆಗೇ ಹೊಲಿದ ಅಂಗಿಯಂತಿದೆ. ಊರೂರಿನ ಮದ್ಯವರ್ಜನ ಶಿಬಿರಗಳಿಗೂ ಹೆಂಗಸರು ಹೋಗುವುದು ಹೆಚ್ಚಾಗಿ ಗಂಡನನ್ನೋ ಮಗನನ್ನೋ ಸೇರಿಸಲು. ಕಸದ ನಾತ ತಾಳಲಾರದೆ, ರಾತ್ರಿ ದುಡಿಮೆಯ ದಣಿವಿಗೆ, ಮನೆಯಲ್ಲಿ ತಿಂದ ಏಟಿನ ನೋವಿಗೆ ಸಾರಾಯಿ, ನಿದ್ದೆಮಾತ್ರೆ, ಕಡ್ಡಿಪುಡಿ ಹಿಡಿದ ಹೆಣ್ಣುಮಕ್ಕಳಿಗೆ ಹೋಗಲು ಜಾಗವಿಲ್ಲ. ಹೀಗಿರುವಾಗ ಅವರಲ್ಲಿ ಕೆಲವರಿಗಾದರೂ ವೈದ್ಯರ ಮುಖ ಮೊದಲ ಬಾರಿ ಕಾಣುವ ಜಾಗ ಜೈಲೇ ಆಗಬಹುದು. ಆ ಅವಕಾಶವನ್ನು ಇಲಾಖೆ ಕಳೆದುಕೊಳ್ಳಬಾರದು ಎಂಬುದೇ ಈ ಮನವಿಗೆ ಸಹಿ ಹಾಕಿದವರ ಆಗ್ರಹ.

ಸಮಸ್ಯೆ ಇದೆಯೇ ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲೇ ಉತ್ತರ ಸಿಕ್ಕಿದೆ. ಪರಪ್ಪನ ಅಗ್ರಹಾರದ 5,000ಕ್ಕೂ ಹೆಚ್ಚು ಬಂದಿಗಳನ್ನು ನಿಮ್ಹಾನ್ಸ್ ತಜ್ಞರು ಪರೀಕ್ಷಿಸಿ 2011ರಲ್ಲಿ ನೀಡಿದ ವರದಿಯಲ್ಲಿ ಶೇ 80ರಷ್ಟು ಮಂದಿಗೆ ಮಾನಸಿಕ ಕಾಯಿಲೆ ಅಥವಾ ವ್ಯಸನದ ತೊಂದರೆ ಕಂಡುಬಂದಿತ್ತು. ವ್ಯಸನವನ್ನು ಬದಿಗಿಟ್ಟು ಲೆಕ್ಕ ಹಾಕಿದರೂ ಕಾಲುಭಾಗಕ್ಕಿಂತ ಹೆಚ್ಚು ಮಂದಿಗೆ ಮಾನಸಿಕ ತೊಂದರೆ ಇತ್ತು. ದೇಶದ ಬಂದಿಗಳಲ್ಲಿ ಹೆಂಗಸರ ಪಾಲು ಶೇ 4ರ ಆಸುಪಾಸಿನದು. 2022ರ ಕೊನೆಗೆ 23,772 ಮಂದಿ. ಇಷ್ಟು ಸಣ್ಣ ಗುಂಪಿಗೆ ಚಿಕಿತ್ಸೆ ಒದಗಿಸುವುದು ಸರ್ಕಾರಕ್ಕೆ ಭಾರವಾಗಲಾರದು.

ಕಾನೂನೂ ಸ್ಪಷ್ಟವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳನ್ನು ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಅದರ 103ನೇ ಕಲಮಿನಂತೆ ಪ್ರತಿ ರಾಜ್ಯವೂ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸಾ ಘಟಕ ತೆರೆಯಬೇಕು. ಜೈಲಿನಲ್ಲಿ ಮಾನಸಿಕ ಕಾಯಿಲೆಯ ಬಂದಿಗಳಿಲ್ಲ ಎಂದು ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಕಳಿಸಿ ದೃಢೀಕರಿಸಬೇಕು. ಹಾಗಿದ್ದಲ್ಲಿ ವ್ಯಸನಿ ಮಹಿಳೆಯರನ್ನು ಪರೀಕ್ಷಿಸದೆ ಆ ವರದಿಗೆ ಸಹಿ ಬೀಳುವುದು ಸರಿಯಲ್ಲ. ವಿಶ್ವಸಂಸ್ಥೆ 2010ರಲ್ಲಿ ಒಪ್ಪಿದ ಬ್ಯಾಂಕಾಕ್ ನಿಯಮಗಳ 15ನೇ ನಿಯಮವು ಮಹಿಳಾ ಬಂದಿಗಳಿಗೆ ಪ್ರತ್ಯೇಕ ವ್ಯಸನ ಚಿಕಿತ್ಸೆ ಇರಬೇಕು, ಅವರು ಹಿಂದೆ ಅನುಭವಿಸಿದ ದೌರ್ಜನ್ಯ, ಬಸಿರು, ಮಕ್ಕಳು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎನ್ನುತ್ತದೆ.

ಆದ್ದರಿಂದ ತುಮಕೂರಿನ ಮಹಿಳಾ ಕಾರಾಗೃಹ, ಪರಪ್ಪನ ಅಗ್ರಹಾರದ ಮಹಿಳಾ ವಿಭಾಗ ಹಾಗೂ ಹೆಂಗಸರನ್ನು ಇರಿಸುವ ಎಲ್ಲ ಜಿಲ್ಲಾ ಜೈಲುಗಳಲ್ಲೂ ಒಳಬಂದ ದಿನವೇ ಮಹಿಳಾ ಸಿಬ್ಬಂದಿಯೊಬ್ಬರು ಏಕಾಂತದಲ್ಲಿ ವ್ಯಸನದ ಪ್ರಶ್ನೆ ಕೇಳಬೇಕು. ಕೊನೆಯ ಸಲ ಕುಡಿದದ್ದು ಯಾವಾಗ ಎಂಬುದು ಆರೋಗ್ಯ ಚೀಟಿಯಲ್ಲಿ ದಾಖಲಾಗಬೇಕು. ಈ ಮಾಹಿತಿ ಪೊಲೀಸರ ಕೈಗೂ ಪ್ರಕರಣದ ಕಡತಕ್ಕೂ ಹೋಗಬಾರದು. ಹೋಗುತ್ತದೆಂಬ ಅನುಮಾನ ಬಂದರೆ ಯಾರೂ ಬಾಯಿ ಬಿಡುವುದಿಲ್ಲ. ಹೊರಗೆ ಬುಪ್ರಿನಾರ್ಫಿನ್‌ನಂಥ ಔಷಧಿ ತೆಗೆದುಕೊಳ್ಳುತ್ತಿದ್ದವರಿಗೆ ಅದು ಒಳಗೂ ಮುಂದುವರಿಯಬೇಕು. ತಿಹಾರ್ ಜೈಲಿನಲ್ಲಿ ಅಫೀಮು ಬಗೆಯ ಚಟಕ್ಕೆ ಇಂಥ ಪರ್ಯಾಯ ಔಷಧಿ 2008ರಲ್ಲೇ ಶುರುವಾಯಿತು ಎಂಬುದನ್ನು ಇಲ್ಲಿ ನೆನಪಿಸುವುದು ಅಗತ್ಯ. ವಾರಕ್ಕೊಮ್ಮೆಯಾದರೂ ಆಪ್ತಸಮಾಲೋಚಕಿ ಬರಬೇಕು, ಬ್ಯಾರಕ್‌ನ ಮಹಿಳಾ ವೀಕ್ಷಕರಿಗೆ ನಡುಕ, ಫಿಟ್ಸ್, ಸನ್ನಿ ಗುರುತಿಸುವ ತರಬೇತಿ ಕೊಡಬೇಕು.

ಇನ್ನು ಹೊರಗಿನ ಬಾಗಿಲು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ 30,000ಕ್ಕೂ ಹೆಚ್ಚು ಬಂದಿಗಳನ್ನು ಅನುಸರಿಸಿದ 2007ರ ಅಧ್ಯಯನವೊಂದು, ಮೊದಲ ಎರಡು ವಾರಗಳಲ್ಲಿ ಅವರ ಸಾವಿನ ಅಪಾಯ ಇತರ ಜನರಿಗಿಂತ 12.7 ಪಟ್ಟು ಹೆಚ್ಚೆಂದು ತೋರಿಸಿತು. ಅತಿಸೇವನೆಯೇ ಮುಖ್ಯ ಕಾರಣ. ಒಳಗಿದ್ದಷ್ಟು ಕಾಲ ದೇಹ ಹಳೆಯ ತಾಳಿಕೆಯನ್ನು ಕಳೆದುಕೊಂಡಿರುತ್ತದೆ, ಕೈಗೆ ಸಿಗುವುದು ಮಾತ್ರ ಹಳೆಯ ಅಳತೆ. ನಮ್ಮಲ್ಲಿ ಚಟದ ಬಗೆ ಬೇರೆ ಇರಬಹುದು, ದೇಹದ ನಿಯಮ ಬೇರೆಯಲ್ಲ.

ಜಾಮೀನು ಆದೇಶ ತಲುಪಿ, ಕಾಗದಪತ್ರ ಮುಗಿದು, ಹೆಂಗಸೊಬ್ಬಳು ಸಂಜೆ ಗೇಟಿನಿಂದ ಹೊರಬರುತ್ತಾಳೆ ಎನ್ನೋಣ. ಕೈಯಲ್ಲೊಂದು ಬಟ್ಟೆಗಂಟು. ವಿಚಾರಣಾಧೀನಳಾಗಿದ್ದರೆ ಸಜಾಬಂದಿಗಳಿಗೆ ಸಿಗುವ ಕೂಲಿಯೂ ಅವಳ ಕೈ ಸೇರಿರುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಬಸ್ಸು ಉಚಿತ. ಆದರೆ ಅದಕ್ಕೂ ಗುರುತಿನ ಚೀಟಿ ತೋರಿಸಬೇಕು. ಗೃಹಲಕ್ಷ್ಮಿಯ 2,000 ರೂಪಾಯಿಗೆ ಪಡಿತರ ಚೀಟಿ ಬೇಕು. ಆ ಕಾಗದಗಳು ಎಲ್ಲಿವೆಯೋ. ಮನೆಯವರು ಬಾಗಿಲು ತೆರೆಯದಿದ್ದರೆ ಆಕೆಗೆ ಉಳಿಯುವುದು ಹಿಂದೆ ಜೊತೆಗೆ ಕುಡಿದವರ ಜಾಗ ಒಂದೇ. ಕುಡುಕ ಗಂಡನನ್ನು ಹೆಂಡತಿ ಜೈಲಿನಿಂದ ಕರೆದುಕೊಂಡು ಬರುತ್ತಾಳೆ. ಕುಡುಕಿ ಎನಿಸಿಕೊಂಡವಳನ್ನು ಕರೆತರಲು ಬರುವವರು ಕಡಿಮೆ.

ಬಿಡುಗಡೆಗೆ ಮುಂಚೆಯೇ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಖಾತೆ ಸರಿಪಡಿಸುವ ಹೊಣೆಯನ್ನು ಇಲಾಖೆಯ ಒಬ್ಬ ಗೊತ್ತುಪಡಿಸಿದ ಅಧಿಕಾರಿಗೆ ವಹಿಸಬೇಕು. ಪ್ರಯಾಣದ ಹಣ, ಎರಡು ವಾರದ ಔಷಧಿ, ಊರಿಗೆ ಹತ್ತಿರದ ಆಸ್ಪತ್ರೆಯ ಭೇಟಿ ದಿನಾಂಕ, 14416 ಟೆಲಿ ಮಾನಸ್ ಸಂಖ್ಯೆ ಬರೆದ ಚೀಟಿ ಕೈಗೆ ಸೇರಬೇಕು. ಜಾಮೀನು ಯಾವ ದಿನ ಬರುವುದೋ ತಿಳಿಯದು, ಹಾಗಾಗಿ ಈ ಕೆಲಸ ಒಳಬಂದ ತಿಂಗಳಲ್ಲೇ ಆರಂಭವಾಗಬೇಕು. ಮೊದಲ ಎರಡು ವಾರ ಆಪ್ತಸಮಾಲೋಚಕಿ ಫೋನಿನಲ್ಲಿ ವಿಚಾರಿಸುತ್ತಿರಬೇಕು. ಮನೆಯಿಲ್ಲದವರಿಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಆಶ್ರಯತಾಣಗಳಲ್ಲಿ ಜಾಗ ಕಾದಿರಿಸಬೇಕು. ವ್ಯಸನದ ಹಿನ್ನೆಲೆ ಇದೆ ಎಂದು ಯಾವ ತಾಣವೂ ಅವರನ್ನು ವಾಪಸು ಕಳಿಸದಂತೆ ಸುತ್ತೋಲೆ ಹೊರಡಬೇಕು.

ಮಕ್ಕಳ ಮಾತು ಬೇರೆಯಾಗಿಯೇ ಹೇಳಬೇಕು. ಸುಪ್ರೀಂ ಕೋರ್ಟ್ 2006ರ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಆರು ವರ್ಷದವರೆಗಿನ ಮಗುವನ್ನು ತಾಯಿಯ ಜೊತೆ ಇರಿಸಿಕೊಳ್ಳಲು ಅವಕಾಶ ಕೊಟ್ಟಿದೆ. ಚಟದ ವಿಷಯ ಹೇಳಿಕೊಂಡರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂಬ ಅಂಜಿಕೆ ತಾಯಂದಿರ ಬಾಯಿ ಕಟ್ಟುತ್ತದೆ. ಚಿಕಿತ್ಸೆ ಕೇಳಿದ್ದನ್ನೇ ತಾಯ್ತನಕ್ಕೆ ಅನರ್ಹತೆ ಎಂದು ಪರಿಗಣಿಸುವುದಿಲ್ಲ ಎಂಬ ಲಿಖಿತ ಭರವಸೆ ಬೇಕು.

ಕೆಲವರು ಜೈಲಿಗೆ ಬರಲೇಬೇಕಿಲ್ಲ. 1985ರ ಮಾದಕ ವಸ್ತು ಕಾಯ್ದೆಯ 39ನೇ ಕಲಮು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ವ್ಯಸನಿಯನ್ನು ಆಕೆಯ ಒಪ್ಪಿಗೆಯ ಮೇಲೆ ಚಿಕಿತ್ಸೆಗೆ ಬಿಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. ತಾನಾಗಿ ಚಿಕಿತ್ಸೆಗೆ ಬಂದವರಿಗೆ 64ಎ ಕಲಮಿನ ರಕ್ಷಣೆಯಿದೆ. ಜೈಲಿಗೆ ಬರುವ ಕಾನೂನು ನೆರವು ವಕೀಲರು ಪ್ರತಿ ಮಹಿಳಾ ಬಂದಿಗೂ ಈ ಕಲಮುಗಳನ್ನು ಕನ್ನಡದಲ್ಲಿ, ಬೇರೆ ಭಾಷೆಯವರಿಗೆ ಅವರ ಭಾಷೆಯಲ್ಲಿ ವಿವರಿಸುವಂತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳೊಡನೆ ಇಲಾಖೆ ಒಪ್ಪಂದ ಮಾಡಿಕೊಳ್ಳಬೇಕು.

ಈ ಬೇಡಿಕೆಗಳಲ್ಲಿ ಯಾವುದನ್ನು ಕೂಡಲೇ ಜಾರಿಗೆ ತರಲಾಗುತ್ತದೆ, ಯಾವುದಕ್ಕೆ ಹಣಕಾಸು ಇಲಾಖೆಯ ಒಪ್ಪಿಗೆ ಬೇಕು ಎಂಬುದನ್ನು ಮೂರು ತಿಂಗಳೊಳಗೆ ಲಿಖಿತವಾಗಿ ತಿಳಿಸಬೇಕು, ಅದಕ್ಕೂ ಮೊದಲು ಬಿಡುಗಡೆಯಾದ ಮಹಿಳೆಯರೂ ಇರುವ ಒಂದು ಸಭೆ ಕರೆಯಬೇಕು ಎಂದು ಮನವಿದಾರರು ಕೋರುತ್ತಾರೆ.

ಗೌರವಗಳೊಂದಿಗೆ,
ಮನವಿದಾರರು