ಎಣ್ಣೆ ದಪ್ಪವೋ, ತೆಳುವೋ?

‘ಗಾಡಿ ಹಳೇದಾಯ್ತು ಸಾರ್, ಇನ್ಮೇಲೆ ದಪ್ಪ ಆಯಿಲ್ ಹಾಕ್ಸಿ.’ ಗ್ಯಾರೇಜಿನಲ್ಲಿ ಈ ಮಾತು ಕೇಳದವರು ಕಡಿಮೆ. ನಾನೂ ತಲೆಯಾಡಿಸಿದವನೇ. ನನ್ನ ಸ್ಕೂಟರಿನ ಕೈಪಿಡಿ ಹೇಳಿದ್ದು 10ಡಬ್ಲ್ಯು-30, ಹಾಕಿಸಿದ್ದು 20ಡಬ್ಲ್ಯು-50. ಎಂಜಿನ್ ಸದ್ದೇನೋ ತಗ್ಗಿತು. ಆದರೆ ಜನವರಿಯ ಬೆಳಗಿನಲ್ಲಿ ಕಿಕ್ಕರ್ ಒದ್ದು ಒದ್ದು ಕಾಲು ನೋವು ಬಂತು, ಮೈಲೇಜೂ ಇಳಿಯಿತು.

ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ತಣ್ಣಗಿರುವ ಎಣ್ಣೆ ಬೇಗ ಹರಿದು ಎಂಜಿನ್ನಿನ ಮೇಲ್ಭಾಗ ಮುಟ್ಟುತ್ತದೆ. ಕೊನೆಯ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಣ್ಣೆ ಎಷ್ಟು ಮಂದ ಎಂಬುದರ ಅಳತೆ. ರಾಯಚೂರಿನ ಬಿಸಿಲಿಗೆ ದಪ್ಪದ್ದೇ ಬೇಕು ಎಂದು ವಾದಿಸುವ ಗೆಳೆಯರಿದ್ದಾರೆ. ಹೊರಗಿನ ಬಿಸಿಲಿಗಿಂತ ಒಳಗಿನ ಭಾಗಗಳ ನಡುವಣ ಸಂದು ಎಷ್ಟು ಕಿರಿದು ಎಂಬುದೇ ಮುಖ್ಯ. ಅದನ್ನು ಬಲ್ಲವರು ತಯಾರಕರು. ಕೈಪಿಡಿ ತೆಗೆದು ನೋಡಿ.

ಹಾಗಾದರೆ ನೀಲಿ ಹೊಗೆ ಬರುವ ಗಾಡಿಗೆ? ದಪ್ಪ ಎಣ್ಣೆ ಹೊಗೆಯನ್ನು ಕೆಲಕಾಲ ಮರೆಮಾಚೀತು, ಸವೆದ ಪಿಸ್ಟನ್ ರಿಂಗ್ ಮತ್ತೆ ಬೆಳೆಯದು. ಖರ್ಚು ಮುಂದಕ್ಕೆ ಹೋಯಿತು, ಅಷ್ಟೆ.

ಗೇರ್ ಬೈಕಿನವರು ಡಬ್ಬಿಯ ಮೇಲೆ ‘ಜಾಸೋ ಎಂಎ’ ಎಂದಿದೆಯೇ ನೋಡಿಕೊಳ್ಳಿ. ಬಹುತೇಕ ಬೈಕುಗಳಲ್ಲಿ ಕ್ಲಚ್ಚೂ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಸ್ಕೂಟರಿನ ‘ಎಂಬಿ’ ಎಣ್ಣೆ ಸುರಿದರೆ ಕ್ಲಚ್ ಜಾರೀತು.