ಜಾಣರ ದಿನಚರಿಯಲ್ಲಿ ಬರೆಯದೆ ಬಿಟ್ಟದ್ದು

ಮಹಾಬುದ್ಧಿವಂತರ ಅಭ್ಯಾಸಗಳನ್ನು ಪಟ್ಟಿ ಮಾಡಿಕೊಡುವ ಪುಸ್ತಕಗಳಿಗೆ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿ ಬರವಿಲ್ಲ. ಅವರು ಬೆಳಗಿನ ಜಾವ ಏಳುತ್ತಾರಂತೆ, ದಿನಕ್ಕಿಷ್ಟು ಪುಟ ಎಂದು ಓದುತ್ತಾರಂತೆ, ಒಬ್ಬರೇ ದೂರ ನಡೆಯುತ್ತಾರಂತೆ. ಓದಿದವರಿಗೆ ಮರುದಿನದಿಂದಲೇ ಐದಕ್ಕೆ ಎದ್ದುಬಿಡೋಣ ಅನಿಸುತ್ತದೆ. ಐದಕ್ಕೂ ಮುಂಚೆ ಎದ್ದು ಮನೆಮನೆಗೆ ಹಾಲು, ಪೇಪರ್ ಹಾಕುವವರು ಈ ಊರಿನಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರ ಹೆಸರು ಅಂಥ ಪುಸ್ತಕದಲ್ಲಿ ಬಂದದ್ದನ್ನು ನಾನಂತೂ ಕಂಡಿಲ್ಲ. ಅಭ್ಯಾಸದಿಂದ ಬುದ್ಧಿ ಹುಟ್ಟುತ್ತದೆಯೋ, ಬುದ್ಧಿಗೆ ಪುರುಸೊತ್ತು ಸಿಕ್ಕಾಗ ಅದೇ ಅಭ್ಯಾಸವಾಗಿ ಕಾಣುತ್ತದೆಯೋ? ಬೆಂಗಳೂರಿನ ದಂಡುಪ್ರದೇಶದ ಚರಿತ್ರೆಯಲ್ಲೇ ಇದನ್ನು ಒರೆಗೆ ಹಚ್ಚಿ ನೋಡಬಹುದು.

1896ರಲ್ಲಿ ನಾಲ್ಕನೇ ಹುಸಾರ್ಸ್ ಕುದುರೆ ದಳದ ಜೊತೆ ವಿನ್‌ಸ್ಟನ್ ಚರ್ಚಿಲ್ ಇಲ್ಲಿಗೆ ಬಂದಾಗ ಅವನಿಗಿನ್ನೂ 22 ತುಂಬಿರಲಿಲ್ಲ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಯಾರಾದರೂ ಸಾಕ್ರಟೀಸನ ಮಾತೆತ್ತಿದರೆ ತನಗೇನೂ ಗೊತ್ತಿಲ್ಲವಲ್ಲ ಎಂಬ ಕೊರಗು ಅವನನ್ನು ಕಾಡುತ್ತಿತ್ತು. ಅಮ್ಮನಿಗೆ ಬರೆದು ಪುಸ್ತಕಗಳನ್ನು ಪಾರ್ಸೆಲ್ ತರಿಸಿಕೊಂಡ. ದಿನಕ್ಕೆ ಮೆಕಾಲೆಯದು 50 ಪುಟ, ಗಿಬ್ಬನ್ನನದು 25 ಪುಟ. ನಮ್ಮ ಪಟ್ಟಿ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಸರಕು ಎಲ್ಲಿ ಸಿಗಬೇಕು! ಆದರೆ ಅದೇ ಚರ್ಚಿಲ್ ಅಮ್ಮನಿಗೆ ಬರೆದ ಕಾಗದದಲ್ಲಿ ಇನ್ನೊಂದು ಪಟ್ಟಿಯನ್ನೂ ಕೊಟ್ಟಿದ್ದಾನೆ. ಬಂಗಲೆಯಲ್ಲಿದ್ದವರು ಮೂವರು ಅಧಿಕಾರಿಗಳು. ಒಬ್ಬೊಬ್ಬರಿಗೂ ಒಬ್ಬ ಬಟ್ಲರ್, ಉಡುಪು ತೊಡಿಸಲು ಆಳುಗಳು, ಪ್ರತಿ ಕುದುರೆಗೂ ಒಬ್ಬ ಸಯೀಸ. ಸಾಲದ್ದಕ್ಕೆ ಮೂವರಿಗೂ ಸೇರಿ ಇಬ್ಬರು ಮಾಲಿಗಳು, ಮೂವರು ನೀರು ಹೊರುವ ಭಿಸ್ತಿಗಳು, ನಾಲ್ವರು ದೋಬಿಗಳು, ಒಬ್ಬ ಕಾವಲುಗಾರ. ಆರಕ್ಕೆ ಪರೇಡು. ಹತ್ತೂವರೆಗೆಲ್ಲ ದಿನದ ಕೆಲಸ ಮುಗಿಯಿತು. ಐದಕ್ಕೆ ಪೋಲೊ ಶುರುವಾಗುವ ತನಕ ಮಧ್ಯಾಹ್ನವೆಲ್ಲ ಅವನದೇ. ಅವನು ಉಳಿಸಿಹೋದ 13 ರೂಪಾಯಿ ಬಾಕಿ ಬೆಂಗಳೂರು ಕ್ಲಬ್ಬಿನ ಹೆಮ್ಮೆಯ ಕತೆಯಾಗಿದೆ. ಭಿಸ್ತಿಗಳ ಬಾಕಿಗೆ ಲೆಡ್ಜರ್ ಇಟ್ಟವರಿಲ್ಲ.

ಹಾಗೆಂದು ಎಲ್ಲವನ್ನೂ ಆಳುಕಾಳುಗಳ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಭಿಸ್ತಿಗಳು ನೀರು ಹೊತ್ತದ್ದು ಮೂವರಿಗೂ, ಪುಸ್ತಕದ ರಾಶಿಗೆ ಮೈಯೊಡ್ಡಿದವನು ಒಬ್ಬನೇ. ದಂಡಿನ ಉಳಿದ ಅಧಿಕಾರಿಗಳು ಆ ಬಿಸಿಲು ಹೊತ್ತಿನಲ್ಲಿ ಗಡದ್ದಾಗಿ ನಿದ್ದೆ ಮಾಡುತ್ತಿದ್ದರು. ಬರೀ ಬಿಡುವಿನಿಂದ ಜಾಣತನ ಬರುವಂತಿದ್ದರೆ ಜಮೀನ್ದಾರರ ಮನೆಗಳೆಲ್ಲ ವಿಜ್ಞಾನಿಗಳಿಂದ ತುಂಬಿರಬೇಕಿತ್ತು. ಬಿಡುವಿನ ಜೊತೆಗೆ ತನ್ನದೇ ಆದ ಒಂದು ಕೊರಗು ಅಥವಾ ಕಿರಿಕಿರಿ ಬೇಕು.

ಕಿರಿಕಿರಿಯ ಕತೆಗೆ ರೊನಾಲ್ಡ್ ರಾಸ್ ಇದ್ದಾನೆ. ಚರ್ಚಿಲ್‌ಗಿಂತ 13 ವರ್ಷ ಮೊದಲು, 1883ರಲ್ಲಿ, ಅವನು ಇಲ್ಲಿನ ಸೇನೆಯ ಹಂಗಾಮಿ ಸರ್ಜನ್. ಬಂಗಲೆ ಚೆನ್ನಾಗಿತ್ತು, ಸೊಳ್ಳೆ ಮಾತ್ರ ವಿಪರೀತ. ಬೇರೆಯವರ ಮನೆಗಿಂತ ತನ್ನ ಮನೆಯಲ್ಲೇ ಯಾಕಿಷ್ಟು ಎಂದು ಹುಡುಕಿದಾಗ ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ, ಅದರ ತುಂಬ ಮಿಜಿಗುಡುವ ಮರಿಹುಳುಗಳು. ತೊಟ್ಟಿ ಕವುಚಿ ಹಾಕಿದ, ಸೊಳ್ಳೆ ಇಳಿಯಿತು. ಮೆಸ್ಸಿನಲ್ಲೂ ಹೀಗೇ ಮಾಡೋಣ ಎಂದು ಸಲಹೆ ಕೊಟ್ಟರೆ, ಸೊಳ್ಳೆಯೂ ಏನೋ ಉದ್ದೇಶಕ್ಕೇ ಸೃಷ್ಟಿಯಾಗಿರುತ್ತದೆ, ಪ್ರಕೃತಿಯ ಕ್ರಮ ಕೆಡಿಸುವುದು ಬೇಡ ಎಂದು ಸೇನೆಯ ಆಡಳಿತಾಧಿಕಾರಿಯಾದ ಅಡ್ಜುಟಂಟ್ ಒಪ್ಪಲಿಲ್ಲ. ಅಂಥ ಅಡ್ಜುಟಂಟರು ಈಗಲೂ ಪ್ರತಿ ಆಫೀಸಿಗೆ ಒಬ್ಬರಂತೆ ಇದ್ದಾರೆ ಎನ್ನುವುದು ಬೇರೆ ಮಾತು.

ಆಗ ಊರಿಗೆ ಕೊಳಾಯಿ ಇರಲಿಲ್ಲ. ಹೆಸರಘಟ್ಟದ ನೀರು ಬಂದದ್ದು 1890ರ ದಶಕದಲ್ಲಿ. ಅಂದರೆ ಬಂಗಲೆಗಳ ತೊಟ್ಟಿಗಳನ್ನು ದಿನಾ ತುಂಬುತ್ತಿದ್ದವರು ತೊಗಲಚೀಲ ಹೊತ್ತ ಭಿಸ್ತಿಗಳೇ. ಬಗ್ಗಿ ನೀರು ಸುರಿಯುವಾಗ ಆ ಹುಳುಗಳನ್ನು ಅವರು ರಾಸ್‌ಗಿಂತ ಎಷ್ಟೋ ಮೊದಲೇ ಕಂಡಿರಬೇಕು. ಅವರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವರ ಮಾತಿನಿಂದ ಒಂದು ತೊಟ್ಟಿಯೂ ಕದಲುತ್ತಿರಲಿಲ್ಲ. ಸರ್ಜನ್ ಹೇಳಿದ್ದಕ್ಕೇ ಮೆಸ್ಸಿನ ತೊಟ್ಟಿ ಕದಲಲಿಲ್ಲವಲ್ಲ.

ರಾಸ್‌ನ ದಾರಿಯೂ ನೇರವಾಗಿರಲಿಲ್ಲ. ಕವಿತೆ, ಕಾದಂಬರಿ, ಗಣಿತ ಎಂದು ಕೈಯಾಡಿಸಿದ. 1894ರಲ್ಲಿ ಲಂಡನ್ನಿನಲ್ಲಿ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಕೊಟ್ಟ ಸೊಳ್ಳೆಯ ಸುಳಿವು ಹಿಡಿದು ಮಲೇರಿಯಾದ ಬೆನ್ನು ಹತ್ತಿದರೆ, ಮರುವರ್ಷ ಸರ್ಕಾರ ಬೆಂಗಳೂರಿಗೇ ಕಳಿಸಿ ಕಾಲರಾ ಮತ್ತು ಚರಂಡಿಯ ಕೆಲಸ ಹಚ್ಚಿತು. ಕೊನೆಗೆ ಸಿಕಂದರಾಬಾದಿನಲ್ಲಿ, ಸೊಳ್ಳೆಗಳು ಹಾರಿಹೋಗುತ್ತವೆಂದು ಪಂಖವನ್ನೂ ನಿಲ್ಲಿಸಿ, ಬೆವರಿಗೆ ಮೈಕ್ರೋಸ್ಕೋಪಿನ ತಿರುಪುಗಳು ತುಕ್ಕು ಹಿಡಿಯುವವರೆಗೆ ಸೊಳ್ಳೆ ಕೊಯ್ದು ನೋಡಿ, 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಹುಡುಕುತ್ತಿದ್ದ ಮಲೇರಿಯಾ ರೋಗಾಣುವನ್ನು ಕಂಡ. ತೊಟ್ಟಿಯಿಂದ ಅಲ್ಲಿಗೆ 14 ವರ್ಷ. ಐದು ವರ್ಷದ ಮೇಲೆ ನೊಬೆಲ್. ಇದನ್ನು ಚುರುಕುಬುದ್ಧಿ ಎನ್ನಲು ನನಗೆ ಮನಸ್ಸು ಬಾರದು.

ಚುರುಕು ಎಂದಕೂಡಲೇ ನೆನಪಾಗುವುದು ದೊಡ್ಡ ದೊಡ್ಡ ಲೆಕ್ಕಗಳನ್ನು ಮನಸ್ಸಿನಲ್ಲೇ ಬಿಡಿಸುತ್ತಿದ್ದ ಶಕುಂತಲಾ ದೇವಿ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಸರ್ಕಸ್ಸಿನಲ್ಲಿದ್ದ ತಂದೆಯ ಮಗಳು, ಶಾಲೆಯ ಓದು ಇಲ್ಲವೆನ್ನುವಷ್ಟು ಕಡಿಮೆ. 1988ರಲ್ಲಿ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಅಮೆರಿಕದಲ್ಲಿ ಅವರನ್ನು ಪರೀಕ್ಷಿಸಿದ. 95443993ರ ಘನಮೂಲ ಎಷ್ಟು ಎಂದರೆ, ಅವನು ಲೆಕ್ಕವನ್ನು ಬರೆದುಕೊಳ್ಳುವ ಮೊದಲೇ 457 ಎಂದರು. ಆದರೆ ದೀಪ ಹತ್ತಿದೊಡನೆ ಗುಂಡಿ ಒತ್ತುವಂಥ ಸರಳ ವೇಗದ ಪರೀಕ್ಷೆಗಳಲ್ಲಿ ಅವರು ಸಾಮಾನ್ಯರಂತೆಯೇ ಇದ್ದರು. ಮಿದುಳು ಮಿಂಚಿನಂತೆ ಓಡುತ್ತದೆ ಎಂಬ ನಮ್ಮ ಕಲ್ಪನೆ ಅಲ್ಲಿ ಬಿದ್ದುಹೋಯಿತು.

ಆ 457ನ್ನೇ ಹತ್ತಿರದಿಂದ ನೋಡಿ. ಕೊನೆಯ ಅಂಕಿ 3 ಆಗುವುದು 7ರ ಘನದಲ್ಲಿ ಮಾತ್ರ, ಹಾಗಾಗಿ ಬಿಡಿಸ್ಥಾನ 7. ಮುಂದಿನ 95 ಇರುವುದು 64ಕ್ಕೂ 125ಕ್ಕೂ ನಡುವೆ, ಅಂದರೆ 4ರ ಘನ ಮತ್ತು 5ರ ಘನದ ನಡುವೆ, ಹಾಗಾಗಿ ನೂರರ ಸ್ಥಾನ 4. ನಡುವಿನದಕ್ಕೆ, 7ರ ಘನವಾದ 343ರಲ್ಲಿರುವ ಹತ್ತರ ಸ್ಥಾನದ 4ನ್ನು ದೊಡ್ಡ ಸಂಖ್ಯೆಯ ಹತ್ತರ ಸ್ಥಾನದ 9ರಿಂದ ಕಳೆದರೆ ಉಳಿಯುವುದು 5. ಯಾವ ಅಂಕಿಯನ್ನು 7ರಿಂದ ಗುಣಿಸಿದರೆ ಕೊನೆಗೆ 5 ಬರುತ್ತದೆ? ಐದನ್ನೇ. ಉತ್ತರ 457. ಅವರು ಹೀಗೇ ಮಾಡಿದರೆಂದು ನಾನು ಹೇಳುತ್ತಿಲ್ಲ. ಸಂಖ್ಯೆಗಳ ಮೈಕಟ್ಟು ಚಿಕ್ಕಂದಿನಿಂದ ಕೈಗೆ ಪಳಗಿದವರಿಗೆ ಓಡಬೇಕಾದ ದೂರವೇ ಕಡಿಮೆ.

ಆದರೆ ಶಕುಂತಲಾ ದೇವಿ ನನ್ನ ಬಿಡುವಿನ ವಾದಕ್ಕೆ ಅಡ್ಡ ನಿಲ್ಲುತ್ತಾರೆ. ಅವರಿಗೆ ಚರ್ಚಿಲ್‌ನ ಮಧ್ಯಾಹ್ನ ಸಿಕ್ಕಿರಲಿಲ್ಲ. ಆಡುವ ವಯಸ್ಸಿನಲ್ಲೇ ಪ್ರದರ್ಶನ ಕೊಟ್ಟು ಸಂಸಾರ ಹೊತ್ತವರು. ಅವರ ಮಟ್ಟಿಗೆ ಹೊಟ್ಟೆಪಾಡೂ ಹುಚ್ಚೂ ಒಂದೇ ಆಗಿತ್ತು. ಆದ್ದರಿಂದ ಬಿಡುವು ಎಂಬ ಮಾತನ್ನು ತಿದ್ದಿಕೊಳ್ಳಬೇಕು: ಬೇಕಾದದ್ದು ಖಾಲಿ ಹೊತ್ತಲ್ಲ, ಗಮನ ತನ್ನ ಕೈಯಲ್ಲಿರುವುದು. ಅದು ಕೆಲಸದ ನಡುವೆಯೂ ಇರಬಹುದು. ಶಿವಾಜಿನಗರದ ಗುಜರಿಯಲ್ಲಿ ತಯಾರಿಕೆ ನಿಂತುಹೋದ ಕಾರಿನ ಬಿಡಿಭಾಗ ಕೇಳಿ ನೋಡಿ. ಅಂಗಡಿಯವರು ಒಂದು ಗಳಿಗೆ ಸುಮ್ಮನಿದ್ದು, ಬೇರಾವುದೋ ಗಾಡಿಯದನ್ನು ರಾಶಿಯಿಂದ ಎಳೆದು, ಲೇತಿಗೆ ಕೊಟ್ಟು ಇಷ್ಟು ತೆಗೆಸಿದರೆ ಕೂರುತ್ತದೆ ಎನ್ನುತ್ತಾರೆ. ಎರಡು ದೂರದ ವಸ್ತುಗಳ ನಡುವೆ ಹೋಲಿಕೆ ಕಾಣುವುದನ್ನು ಸಮ್ಮೇಳನಗಳಲ್ಲಿ ಸೃಜನಶೀಲತೆ ಎನ್ನುತ್ತಾರೆ, ಇಲ್ಲಿ ಕೈಚಳಕ ಎಂದು ಮುಗಿಸಿಬಿಡುತ್ತೇವೆ. ವಿಮಾನ ಕಾರ್ಖಾನೆಯಲ್ಲೂ ಇದೇ ಕತೆ: ಎಚ್‌ಎಎಲ್‌ನಲ್ಲಿ ಕರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ ಮಾರುತ್ ಯುದ್ಧವಿಮಾನವನ್ನು ಲೋಹದಲ್ಲಿ ಹಾರಿಸುವ ಮೊದಲು, ಅದೇ ಅಳತೆಯ ಮರದ ಗ್ಲೈಡರ್ ಕಟ್ಟಿ 1959ರಲ್ಲಿ ಡಕೋಟಾ ವಿಮಾನದ ಹಿಂದೆ ಎಳೆಸಿ ಹಾರಿಸಿದರು. 1961ರಲ್ಲಿ ಮಾರುತ್ ಹಾರಿಸಿದ ಸುರಂಜನ್ ದಾಸ್ ಹೆಸರಿನಲ್ಲಿ ಅಲ್ಲೊಂದು ರಸ್ತೆಯಿದೆ, ಇರಬೇಕಾದದ್ದೇ. ಆ ರೆಕ್ಕೆಯ ಬಾಗನ್ನು ಮರಕ್ಕೆ ಇಳಿಸಿದ ಕೈಗಳೂ ಯೋಚಿಸಿಯೇ ಕೆಲಸ ಮಾಡಿರಬೇಕು.

ಇಂದು ಇಂದಿರಾನಗರದ ಹೋಟೆಲ್ ಮುಂದೆ ಪಾರ್ಸೆಲ್‌ಗೆ ಕಾಯುವ ಡೆಲಿವರಿ ಹುಡುಗನಿಗೆ ಬಿಡುವಿದೆ, ಗಮನ ಮಾತ್ರ ಫೋನಿನ ಕೈಯಲ್ಲಿ. ಟಿನ್ ಫ್ಯಾಕ್ಟರಿ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡ ಕೆ.ಆರ್. ಪುರದ ಎಂಜಿನಿಯರನ ಸಂಬಳ ದೊಡ್ಡದು, ಆದರೆ ಅವನ ದಿನವೂ ಅರ್ಧರ್ಧ ಗಂಟೆಯ ಮೀಟಿಂಗುಗಳಾಗಿ ತುಂಡಾಗಿದೆ. ಅವನ ಮಕ್ಕಳಿಗೆ ಆರಕ್ಕೆ ಅಬಾಕಸ್, ಏಳಕ್ಕೆ ಚೆಸ್, ಭಾನುವಾರ ಕೀಬೋರ್ಡ್. ಮಕ್ಕಳು ಚುರುಕಾಗುತ್ತಾರೆ, ಅನುಮಾನವಿಲ್ಲ. ಆದರೆ ಅವರು ಬಿಡಿಸುವ ಲೆಕ್ಕಗಳಲ್ಲಿ ಒಂದೂ ಅವರು ಹಾಕಿಕೊಂಡದ್ದಲ್ಲ. ಎಲ್ಲವೂ ಯಾರೋ ಅಚ್ಚು ಹಾಕಿಸಿಕೊಟ್ಟವು, ಪುಸ್ತಕದ ಕೊನೆಯಲ್ಲಿ ಉತ್ತರ ಇರುವಂಥವು.