ಕಂಬಿಯಾಚೆಯ ಗಾಜು

ಮನೆ ಕಟ್ಟಿಸುವವರಿಗೆ ಈಚೆಗೆ ಒಂದು ಹುಚ್ಚು ಹಿಡಿದಿದೆ. ಮುಂಭಾಗಕ್ಕೆ ದೊಡ್ಡದೊಂದು ಗಾಜಿನ ಕಿಟಕಿ, ಅದರ ಮುಂದೆ ಒಂದು ಗೇಣು ಅಗಲದ ಸಿಮೆಂಟಿನ ಚಾಚು, ಚಾಚಿನ ತುದಿಗೆ ಹೊಳೆಯುವ ಸ್ಟೀಲ್ ಕಂಬಿಗಳ ಕಟಾಂಜನ. ಇದಕ್ಕೆ ಬಾಲ್ಕನಿ ಎಂದು ಹೆಸರು! ಅಲ್ಲಿ ಕುರ್ಚಿ ಹಾಕುವ ಮಾತಿರಲಿ, ನೆಟ್ಟಗೆ ನಿಲ್ಲುವುದಕ್ಕೂ ಜಾಗವಿಲ್ಲ. ರಸ್ತೆಯಲ್ಲಿ ಹೋಗುವವರು ತಲೆಯೆತ್ತಿ ನೋಡಿ ‘ಎಲಿವೇಶನ್ ಚೆನ್ನಾಗಿದೆ’ ಎನ್ನಬೇಕು, ಅಷ್ಟಕ್ಕೇ ಅದು ಇರುವುದು. ಚಿತ್ರದುರ್ಗದಲ್ಲಿ ನಾವಿರುವ ಬೀದಿಯೊಂದರಲ್ಲೇ ಇಂಥ ಏಳು ಮನೆಗಳಿವೆ. ನಾವು ಬಾಡಿಗೆಗಿರುವ ಎರಡನೆಯ ಮಹಡಿಯೂ ಅವುಗಳಲ್ಲೊಂದು. ಆ ಗಾಜಿನ ಹೊರಮೈಯನ್ನು ಯಾರು, ಎಲ್ಲಿ ನಿಂತು, ಯಾವುದರಿಂದ ಒರೆಸಬೇಕು ಎಂಬ ಪ್ರಶ್ನೆ ನಕ್ಷೆ ಬರೆದವನಿಗೆ ಹೊಳೆಯಲಿಲ್ಲ, ಗಾರೆ ಮೆತ್ತಿಸಿದವನಿಗೆ ಹೊಳೆಯಲಿಲ್ಲ, ದುಡ್ಡು ಸುರಿದವನಿಗೂ ಹೊಳೆಯಲಿಲ್ಲ. ಹೊಳೆಯಬೇಕಾದರೆ ಅವರಲ್ಲಿ ಒಬ್ಬನಾದರೂ ಜನ್ಮದಲ್ಲಿ ಒಮ್ಮೆ ಕಿಟಕಿ ಒರೆಸಿರಬೇಕಿತ್ತು.

ನಮ್ಮೂರಿನ ಗಾಳಿ ಎಂಥದೆಂದು ಜೋಗಿಮಟ್ಟಿಯ ಕಡೆಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಗಾಳಿಯ ಜೊತೆಗೇ ಧೂಳು. ಧೂಳು ತೊಳೆಯೋಣವೆಂದರೆ ಬೋರಿನ ಗಡಸು ನೀರು. ಗಾಜಿನ ಮೇಲೆ ಒಣಗಿದರೆ ಸುಣ್ಣದ ಬಿಳಿ ಚುಕ್ಕೆ. ಆದ್ದರಿಂದ ಯುಗಾದಿ, ದಸರೆ, ಮನೆಯಲ್ಲಿ ಮದುವೆ ಮಾತುಕತೆ ಎಂದರೆ ಈ ಗಾಜು ಎಲ್ಲರ ಕಣ್ಣಿಗೂ ಬೀಳುತ್ತದೆ. ಆಗ ಏನಾಗುತ್ತದೆ ನೋಡಿ. ಯಜಮಾನರು ಪೇಪರಿನಿಂದ ತಲೆಯೆತ್ತಿ ‘ಕಿಟಕಿ ಗಲೀಜಾಗಿದೆಯಲ್ಲ’ ಎನ್ನುತ್ತಾರೆ. ಮನೆಯಾಕೆ ಕೆಲಸದವಳನ್ನು ಕರೆಯುತ್ತಾಳೆ. ಆ ಹೆಣ್ಣುಮಗಳು ಸೀರೆ ಎತ್ತಿಕಟ್ಟಿ, ಸ್ಟೂಲು ಹತ್ತಿ, ಕಿಟಕಿಯೊಳಗಿಂದ ತೂರಿ ಆ ಗೇಣು ಅಗಲದ ಚಾಚಿನ ಮೇಲೆ ಕಾಲಿಡುತ್ತಾಳೆ. ಒಂದು ಕೈ ಕಂಬಿಗೆ, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ. ಕೆಳಗೆ ಇಪ್ಪತ್ತು ಇಪ್ಪತ್ತೈದು ಅಡಿ. ಒಳಗಿನಿಂದ ‘ಹುಷಾರಮ್ಮ’ ಎಂದು ಒಂದು ಮಾತು.

‘ಹುಷಾರಮ್ಮ’ ಎನ್ನುವುದು ಹಗ್ಗವಲ್ಲ, ಬಲೆಯಲ್ಲ, ಅದು ಯಾರನ್ನೂ ಹಿಡಿದುಕೊಳ್ಳುವುದಿಲ್ಲ. ಇದನ್ನು ನಾನು ಎದುರು ಮನೆಯವರಿಗೆ ಹೇಳಿದಾಗ ಬಂದ ಉತ್ತರ: ‘ಅವರಿಗೆಲ್ಲ ಅಭ್ಯಾಸ ಇರುತ್ತೆ ಬಿಡಿ ಟೀಚರ್.’ ಯಾವ ಅಭ್ಯಾಸ ತಾಯಿ? ಗಡಿಗೆ ಹೊತ್ತು ಅಭ್ಯಾಸ, ಪಾತ್ರೆ ಉಜ್ಜಿ ಅಭ್ಯಾಸ. ಬೀಳುವ ಅಭ್ಯಾಸ ಯಾರಿಗೂ ಇರುವುದಿಲ್ಲ. 2004ರಲ್ಲಿ ನಮ್ಮ ರಾಜ್ಯ ಮನೆಗೆಲಸದವರಿಗೂ ಕನಿಷ್ಠ ವೇತನ ಗೊತ್ತುಮಾಡಿತು, ಒಳ್ಳೆಯದೇ. ಆದರೆ ಆ ವೇತನದಲ್ಲಿ ಕಿಟಕಿಯಾಚೆ ನೇತಾಡುವುದೂ ಸೇರಿದೆ ಎಂದು ನಾವೇ ನಿರ್ಧರಿಸಿಬಿಟ್ಟಿದ್ದೇವೆ. ಕೆಲಸದವಳಿಲ್ಲದ ಮನೆಗಳಲ್ಲಿ ಸೊಸೆ ಹತ್ತುತ್ತಾಳೆ, ಇಲ್ಲವೇ ಮಂಡಿನೋವಿನ ನಮ್ಮಂಥವರು ಹತ್ತುತ್ತೇವೆ. ಗಂಡಸರು ‘ಹತ್ತು, ನಾನು ಸ್ಟೂಲು ಹಿಡಿದುಕೊಳ್ತೀನಿ’ ಎನ್ನುತ್ತಾರೆ. ಸ್ಟೂಲು ಹಿಡಿಯುವುದರಲ್ಲಿ ಅವರದು ಎತ್ತಿದ ಕೈ.

ಹೊರದೇಶಗಳಲ್ಲಿ ಇದೇ ಕೆಲಸಕ್ಕೆ ಜೀವಗಳು ಹೋದ ಮೇಲೆ ಕಾನೂನು ಎಚ್ಚರಾಯಿತು. ಸಿಂಗಪುರದಲ್ಲಿ ಮಹಡಿಯಿಂದ ಬಿದ್ದು ಹಲವು ಮನೆಗೆಲಸದ ಹೆಂಗಸರು ಸತ್ತ ನಂತರ 2012ರಲ್ಲಿ ಒಂದು ನಿಯಮ ಬಂತು: ಕಿಟಕಿಗೆ ಗ್ರಿಲ್ ಇದ್ದು, ಅದಕ್ಕೆ ಬೀಗ ಹಾಕಿದ್ದು, ಮನೆಯ ದೊಡ್ಡವರೊಬ್ಬರು ಪಕ್ಕದಲ್ಲಿದ್ದರೆ ಮಾತ್ರ ಹೊರಮೈ ಒರೆಸಲು ಹೇಳಬಹುದು. ಹಾಂಗ್‌ಕಾಂಗ್‌ನಲ್ಲಿ 2017ರಿಂದ ಕೆಲಸದ ಕರಾರುಪತ್ರದಲ್ಲೇ ಬರೆದಿದೆ: ತೋಳುಗಳ ಹೊರತು ದೇಹದ ಯಾವ ಭಾಗವೂ ಕಿಟಕಿಯ ಅಂಚು ದಾಟಕೂಡದು. (ಬಾಲ್ಕನಿಗೆ ತಗುಲಿದ ಕಿಟಕಿಗೆ ಈ ಷರತ್ತಿಲ್ಲ. ನಮ್ಮ ಗೇಣಗಲದ ಬಾಲ್ಕನಿಯನ್ನು ಅವರು ನೋಡಿರಲಾರರು.) ‘ತೋಳು ಮಾತ್ರ’ ಎಂಬ ಆ ಎರಡು ಮಾತು ನನಗೆ ಬಹಳ ಹಿಡಿಸಿತು. ಅಂಗಡಿಗೆ ಹೋಗುವಾಗ ನೀವೂ ಅದನ್ನೇ ಬಾಯಿಪಾಠ ಮಾಡಿಕೊಂಡು ಹೋಗಿ. ಉಪಕರಣ ಆರಿಸಬೇಕಾದದ್ದು ಗಾಜಿನ ಹೊಳಪಿಗಾಗಿ ಅಲ್ಲ, ಕಾಲು ಮನೆಯ ನೆಲ ಬಿಡದಿರುವುದಕ್ಕಾಗಿ.

ಪತ್ರಿಕೆಗಳ ಮಹಿಳಾ ಪುಟಗಳನ್ನು ನೋಡಿದರೆ ನನಗೆ ಸಿಟ್ಟು ಬರುವುದೂ ಇದಕ್ಕೇ. ವಿನಿಗರ್ ಹಾಕಿ, ನಿಂಬೆ ಹಿಂಡಿ, ಹಳೆಯ ಪೇಪರಿನಿಂದ ಉಜ್ಜಿ ಎಂದು ಪಾಕಶಾಸ್ತ್ರದಂತೆ ಬರೆಯುತ್ತಾರೆ. ಹುಳಿಗೆ ಸುಣ್ಣದ ಕಲೆ ಕರಗುವುದು ನಿಜ. ಆದರೆ ಪೇಪರು ಹಿಡಿದ ಕೈ ಕಂಬಿಯಾಚೆಗೆ ಹೇಗೆ ಹೋಗಬೇಕೆಂದು ಒಂದು ಸಾಲೂ ಇರುವುದಿಲ್ಲ.

ಇನ್ನು ಮಾರುವವರ ಕಥೆ. ಅಯಸ್ಕಾಂತದ ಒರೆಸುಗ ಎಂದು ಒಂದು ಬಂದಿದೆ. ಗಾಜಿನ ಒಳಗೊಂದು ತುಂಡು, ಹೊರಗೊಂದು ತುಂಡು. ಒಳಗಿನದನ್ನು ಎಳೆದಂತೆ ಹೊರಗಿನದು ಹಿಂಬಾಲಿಸುತ್ತದೆ. ಬುದ್ಧಿವಂತಿಕೆಯ ವಸ್ತುವೇ, ಇಲ್ಲವೆನ್ನುವುದಿಲ್ಲ. ಆದರೆ ಅದು ಗಾಜಿನ ದಪ್ಪಕ್ಕೆ ಹೊಂದಬೇಕು. ತೆಳು ಗಾಜಿಗೆ ಬಲವಾದದ್ದು ತಂದರೆ ಕಚ್ಚಿಕೊಂಡು ಅಲುಗದು, ದಪ್ಪ ಗಾಜಿಗೆ ದುರ್ಬಲವಾದದ್ದು ತಂದರೆ ಹೊರಗಿನ ತುಂಡು ಕಳಚಿ ಬೀದಿಯವರ ತಲೆಯ ಮೇಲೆ ಬೀಳುತ್ತದೆ. ಅದಕ್ಕೇ ಒಂದು ದಾರ ಕಟ್ಟಿರುತ್ತಾರೆ. ಅಂಗಡಿಯವನನ್ನು ‘ಎಷ್ಟು ಮಿಲಿಮೀಟರ್ ಗಾಜಿಗಪ್ಪಾ ಇದು?’ ಎಂದು ಕೇಳಿದೆ. ‘ಎಲ್ಲದಕ್ಕೂ ಆಗುತ್ತೆ ಮೇಡಂ’ ಎಂದ. ಎಲ್ಲದಕ್ಕೂ ಆಗುವುದು ಯಾವುದಕ್ಕೂ ಸರಿಯಾಗಿ ಆಗುವುದಿಲ್ಲವೆಂದು ಮೂವತ್ತು ವರ್ಷ ಪಾಠ ಹೇಳಿದವಳಿಗೆ ಗೊತ್ತಿಲ್ಲವೇ! ಇನ್ನೊಬ್ಬ ಹತ್ತಡಿ ಉದ್ದಕ್ಕೆ ಎಳೆಯಬಹುದಾದ ಕೋಲು ತೋರಿಸಿದ. ಅದು ಅಂಗಳದಲ್ಲಿ ನಿಂತು ಒರೆಸುವವರಿಗೆ ಸರಿ. ಮಹಡಿಯ ಮೇಲೆ, ಗಾಜಿಗೂ ಕಂಬಿಗೂ ನಡುವಿನ ಗೇಣು ಜಾಗದಲ್ಲಿ ಹತ್ತಡಿ ಕೋಲನ್ನು ತಿರುಗಿಸುವುದು ಹೇಗೆ? ಒದ್ದೆಯಾದ ಮೇಲೆ ಅದರ ತೂಕವೇ ನಮ್ಮನ್ನು ಹೊರಕ್ಕೆ ಎಳೆಯುತ್ತದೆ, ಕೊಳಕು ನೀರು ಕೋಲಿನಗುಂಟ ಇಳಿದು ರವಿಕೆಯ ತೋಳಿಗೆ ಸೇರುತ್ತದೆ.

ಕೊಳ್ಳುವ ಮೊದಲು ಮಕ್ಕಳ ಸ್ಕೇಲು ಹಿಡಿದು ಎರಡು ಅಳತೆ ತೆಗೆಯಿರಿ: ಗಾಜಿಗೂ ಕಂಬಿಗೂ ಎಷ್ಟು ದೂರ, ಕಂಬಿಗೂ ಕಂಬಿಗೂ ಎಷ್ಟು ಸಂದು. ನಮ್ಮಲ್ಲಿ ಮೊದಲನೆಯದು 9 ಇಂಚು, ಎರಡನೆಯದು 4. ಹಳೆಯ ಮನೆಗಳಂತೆ ಸರಳು ಒಳಗಿದ್ದು ಬಾಗಿಲು ಹೊರಗೆ ತೆರೆಯುವಂತಿದ್ದರೆ ಸಂದಿನ ಅಳತೆಯೇ ಮುಖ್ಯ, ವೈಪರಿನ ತಲೆ ಅದರಲ್ಲಿ ತೂರಬೇಕು. ನಮ್ಮಂತೆ ಕಂಬಿ ಹೊರಗಿದ್ದರೆ ಮೊದಲನೆಯ ಅಳತೆ ಮುಖ್ಯ, ಕೈ ಮತ್ತು ಹಿಡಿ ಅಲ್ಲಿ ಆಡಬೇಕು. ನಾನು ತಂದದ್ದು ಎರಡಡಿ ಹಿಡಿಯ, 8 ಇಂಚಿನ ರಬ್ಬರು ಅಲಗಿನ, ತಲೆ ತಿರುಗುವ ವೈಪರು. ತಲೆ ತಿರುಗಲೇಬೇಕು, ಏಕೆಂದರೆ ನಮ್ಮ ತೋಳು ಗಾಜಿನ ಎದುರಿನಿಂದಲ್ಲ, ಪಕ್ಕದಿಂದ ಬರುತ್ತದೆ. ರಬ್ಬರು ಬಿಸಿಲಿಗೆ ಸೆಟೆದುಕೊಳ್ಳುತ್ತದೆ, ಆದ್ದರಿಂದ ರಬ್ಬರನ್ನಷ್ಟೇ ಬದಲಿಸಲು ಬರುವಂಥದನ್ನೇ ಕೇಳಿ. ಮೊದಲು ನೆನೆಸಬೇಕು, ಒಣ ಧೂಳನ್ನು ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆ. ನೆನೆಸುವುದಕ್ಕೆ ಅದೇ ತಲೆಗೆ ಹಳೆಯ ಪಂಚೆಯ ತುಂಡು ಸುತ್ತಿದರಾಯಿತು. ನೂರು ಸಲ ಒಗೆದ ಪಂಚೆಯಂಥ ಬಟ್ಟೆ ಯಾವ ಕಂಪನಿಯೂ ಮಾಡುವುದಿಲ್ಲ. ಬಿಸಿಲು ಗಾಜಿಗೆ ಬೀಳುವ ಮುಂಚೆ ಮುಗಿಸಿ, ಇಲ್ಲವಾದರೆ ರಬ್ಬರು ಮುಟ್ಟುವ ಮೊದಲೇ ನೀರು ಒಣಗಿ ಚುಕ್ಕೆ ನಿಲ್ಲುತ್ತದೆ.

ಆದರೆ ವೈಪರಿಗಿಂತ ಹೆಚ್ಚು ಉಪಕಾರ ಮಾಡಿದ್ದು ಆ ಜಾರುಬಾಗಿಲೇ. ಎರಡು ಬಾಗಿಲು, ಎರಡು ಹಳಿ. ಹೊರಹಳಿಯ ಬಾಗಿಲು ಸುಲಭ: ಅದನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಸರಿಸಿ ತೆರವಾದ ಕಡೆಯಿಂದ ತೋಳು ಚಾಚಿದರೆ ಮುಗಿಯಿತು. ಒಳಹಳಿಯದು ಮರೆಯಲ್ಲಿರುತ್ತದೆ, ಜನ ಹೊರಗೆ ಹತ್ತುವುದು ಇದಕ್ಕಾಗಿಯೇ. ಹೊರಬಾಗಿಲನ್ನು ಬಲತುದಿಗೆ ತಳ್ಳಿ, ಒಳಬಾಗಿಲನ್ನು ಚೌಕಟ್ಟಿನ ನಡುಮಧ್ಯಕ್ಕೆ ತನ್ನಿ. ಎಡಗಡೆ ತೋಳು ಹೋಗುವಷ್ಟು ಬಾಯಿ ತೆರೆಯುತ್ತದೆ, ಅದಕ್ಕೆ ತಗುಲಿದಂತೆಯೇ ಒಳಬಾಗಿಲಿನ ಎಡ ಅರ್ಧ ಮರೆಯಿಲ್ಲದೆ ಸಿಗುತ್ತದೆ. ಹೊರಬಾಗಿಲನ್ನು ಎಡತುದಿಗೆ ತಳ್ಳಿದರೆ ಬಲ ಅರ್ಧ ಸಿಗುತ್ತದೆ. ಕೆಲವರು ಬಾಗಿಲನ್ನೇ ಎತ್ತಿ ಒಳಗಿಳಿಸಿ ಎನ್ನುತ್ತಾರೆ. 5 ಮಿಲಿಮೀಟರ್ ಗಾಜು ಚದರ ಮೀಟರಿಗೆ ಹನ್ನೆರಡೂವರೆ ಕಿಲೋ ತೂಗುತ್ತದೆ. 3 ಅಡಿಗೆ 5 ಅಡಿಯ ಬಾಗಿಲೆಂದರೆ ಗಾಜೇ 17 ಕಿಲೋ, ಚೌಕಟ್ಟು ಬೇರೆ. ಐವತ್ತು ದಾಟಿದವರು ಆ ತಂಟೆಗೆ ಹೋಗಬೇಡಿ.

ಕಾರಿನ ಮುಂದಿನ ಗಾಜು ಒರೆಸುವ ಕಡ್ಡಿಗೆ 1903ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದವಳು ಮೇರಿ ಆಂಡರ್ಸನ್ ಎಂಬ ಅಲಬಾಮಾದ ಹೆಂಗಸು. ಹಿಮ ಬೀಳುವ ಚಳಿಯಲ್ಲಿ ನ್ಯೂಯಾರ್ಕಿನ ಟ್ರಾಮ್ ಚಾಲಕ ಹೊರಗೆ ನೋಡಲು ಪಡುವ ಪಾಡನ್ನು ಕಂಡು, ಒಳಗೇ ಕುಳಿತು ಹಿಡಿಯೊಂದನ್ನು ತಿರುಗಿಸಿ ಹೊರಗಿನ ಗಾಜು ಒರೆಸುವ ದಾರಿ ಕಂಡುಹಿಡಿದಳು. ಆಕೆಗೆ ಅದರಿಂದ ಕಾಸೂ ಬರಲಿಲ್ಲವೆನ್ನುವುದು ಬೇರೆ ಮಾತು. ನೂರು ವರ್ಷಕ್ಕೂ ಹಿಂದೆ ಟ್ರಾಮಿನವನಿಗೆ ಸಿಕ್ಕ ಅನುಕೂಲ ಲಕ್ಷಗಟ್ಟಲೆ ಸುರಿದು ಕಟ್ಟಿದ ಮನೆಯ ಹೆಣ್ಣಿಗೆ ಯಾಕಿಲ್ಲ ಎಂದು ಕೇಳುವುದು ತಪ್ಪೇ? ನಕ್ಷೆಯ ದಿನವೇ ಕೇಳಿ. ಗಾಜು ಒಳಕ್ಕೆ ತೆರೆಯುವಂತೆ ಮಾಡಿಸಿ. ‘ಅದು ಲುಕ್ ಬರುವುದಿಲ್ಲ ಮೇಡಂ’ ಎಂದರೆ, ಅವನ ಕೈಗೆ ಒದ್ದೆ ಬಟ್ಟೆ ಕೊಟ್ಟು ಹೊರಗಿನಿಂದ ಒಂದು ಸಲ ಒರೆಸಿ ತೋರಿಸಲು ಹೇಳಿ.

ನಮ್ಮ ಕಿಟಕಿಯ ನೆತ್ತಿಯಲ್ಲಿ ಒಂದಡಿ ಎತ್ತರದ ಕದಲದ ಗಾಜಿನ ಪಟ್ಟಿಯೊಂದಿದೆ. ಅದರ ಹೊರಮೈಗೆ ನನ್ನ ವೈಪರು ಎಟುಕುವುದಿಲ್ಲ. ಮೂರು ವರ್ಷದಿಂದ ಕೆಂಪು ಧೂಳು ಕೂತು ಮಬ್ಬಾಗಿದೆ, ಮಳೆ ಬಂದಾಗ ತೊಳೆದಷ್ಟು ತೊಳೆಯುತ್ತದೆ. ಬಂದ ನೆಂಟರು ‘ಮೇಲೆ ಒರೆಸಿಲ್ಲವಾ?’ ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ.